ಬಾಣದ ಮೇಲಿನ ಮಾತು

ಒಬ್ಬರು ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ನಾಲ್ಕು ಮತ್ತು ಐದನೇ ತರಗತಿಗೆ ಪರಿಸರ ಅಧ್ಯಯನ ಕಲಿಸುವ ಶಿಕ್ಷಕ. ಇನ್ನೊಬ್ಬರು ಶಿಕ್ಷಕರ ತರಬೇತಿಯಲ್ಲಿ ಬಹುಕಾಲ ದುಡಿದ ಹಿರಿಯ ಶಿಕ್ಷಕಿ. ವಿಜ್ಞಾನದ ಸಮಸ್ಯೆಗಳನ್ನು ಬಿಡಿಸುವುದನ್ನು ಮಕ್ಕಳಿಗೆ ಹೇಗೆ ಕಲಿಸಬೇಕು ಎಂಬುದರ ಬಗ್ಗೆ ಅವರಿಬ್ಬರ ಮಾತುಕತೆ ಇದು.

ಶಿಕ್ಷಕ: ಮೇಡಂ, ಐದನೇ ತರಗತಿಯ ಮಕ್ಕಳಿಗೆ ‘ಆವಿಯಾಗುವುದು ಅಂದರೇನು’ ಅಂತ ಕೇಳಿದರೆ ತಡವರಿಸದೆ ಉತ್ತರ ಹೇಳುತ್ತಾರೆ. ಜಲಚಕ್ರದ ಚಿತ್ರ ಬಿಡಿಸಿ ಭಾಗಗಳನ್ನು ಗುರುತಿಸುತ್ತಾರೆ. ಆದರೆ ‘ಬೇಸಿಗೆಯಲ್ಲಿ ಮಣ್ಣಿನ ಹೂಜಿಯ ನೀರು ತಣ್ಣಗಿರುತ್ತದಲ್ಲ, ಸ್ಟೀಲ್ ಕೊಡದ ನೀರು ಯಾಕೆ ಹಾಗಿರುವುದಿಲ್ಲ’ ಅಂತ ಕೇಳಿದ ಕೂಡಲೇ ತರಗತಿ ಸುಮ್ಮನಾಗುತ್ತದೆ. ಉತ್ತರಕ್ಕೆ ಬೇಕಾದ ಸಂಗತಿಗಳೆಲ್ಲ ಅವರಿಗೆ ಗೊತ್ತು. ಆದರೂ ಬಿಡಿಸಲು ಆಗುವುದಿಲ್ಲ. ಯಾಕೆ ಹೀಗೆ?

ಹಿರಿಯರು: ಗೊತ್ತಿರುವುದು ಬಿಡಿಬಿಡಿಯಾಗಿ, ಮೇಷ್ಟ್ರೇ. ಊರುಗಳ ಹೆಸರೆಲ್ಲ ಬಾಯಿಗೆ ಬರುತ್ತವೆ, ಒಂದೂರಿನಿಂದ ಇನ್ನೊಂದೂರಿಗೆ ಹೋಗುವ ದಾರಿ ಮಾತ್ರ ತಿಳಿಯದು, ಹಾಗೆ. ಆವಿ ಒಂದು ಪಾಠದಲ್ಲಿದೆ, ಶಾಖ ಬೇರೊಂದು ಪಾಠದಲ್ಲಿದೆ, ಮಣ್ಣು ಮತ್ತೊಂದರಲ್ಲಿದೆ. ಮೂರನ್ನೂ ಒಂದೆಡೆ ತಂದು ನೋಡುವ ಸಂದರ್ಭವೇ ಮಗುವಿಗೆ ಸಿಕ್ಕಿಲ್ಲ. ಹೂಜಿಯ ಪ್ರಶ್ನೆ ಕೇಳುವುದೋ ಆ ಮೂರರ ನಡುವಿನ ಸಂಬಂಧವನ್ನೇ. ಸಮಸ್ಯೆ ಬಿಡಿಸಲು ಒದ್ದಾಡುವ ಮಗುವಿಗೆ ಬಹಳ ಸಲ ಮಾಹಿತಿಯ ಕೊರತೆ ಇರುವುದಿಲ್ಲ, ಸಂಬಂಧದ ಕೊರತೆ ಇರುತ್ತದೆ. ಪರಿಕಲ್ಪನಾ ನಕ್ಷೆ ಕೆಲಸಕ್ಕೆ ಬರುವುದು ಅಲ್ಲೇ.

ಶಿಕ್ಷಕ: ಅದನ್ನು ಬಿ.ಇಡಿ.ಯಲ್ಲಿ ಓದಿದ್ದೇನೆ, ತರಬೇತಿಯಲ್ಲೂ ಮಾಡಿಸಿದ್ದಾರೆ. ನಡುವೆ ‘ನೀರು’ ಅಂತ ಬರೆದು ಸುತ್ತಲೂ ಗೆರೆ ಎಳೆದು ಮೂಲಗಳು, ಉಪಯೋಗಗಳು, ರೂಪಗಳು, ಮಾಲಿನ್ಯ ಅಂತ ತುಂಬಿಸುತ್ತೇವೆ. ಗೋಡೆಗೆ ಹಾಕಿದರೆ ಚೆನ್ನಾಗಿ ಕಾಣುತ್ತದೆ. ಅದರಿಂದ ಹೂಜಿಯ ಪ್ರಶ್ನೆ ಹೇಗೆ ಬಗೆಹರಿಯುತ್ತದೆ?

ಹಿರಿಯರು: ಅದರಿಂದ ಬಗೆಹರಿಯುವುದಿಲ್ಲ. ನೀವು ಹೇಳಿದ್ದು ಮೈಂಡ್ ಮ್ಯಾಪ್‌ನ ಬಗೆಯದು, ಬ್ರಿಟನ್ನಿನ ಟೋನಿ ಬುಜಾನ್ ಜನಪ್ರಿಯಗೊಳಿಸಿದ್ದು. ಒಂದು ವಿಷಯದಲ್ಲಿ ಏನೇನಿದೆ ಅಂತ ಪಟ್ಟಿಮಾಡಿ ನೆನಪಿಟ್ಟುಕೊಳ್ಳಲು ಅದು ಸಾಕು. ಪರಿಕಲ್ಪನಾ ನಕ್ಷೆಯ ಕಟ್ಟಳೆ ಬೇರೆ. ಅಲ್ಲಿ ಎರಡು ಪದಗಳ ನಡುವೆ ಎಳೆದ ಪ್ರತಿಯೊಂದು ಬಾಣದ ಮೇಲೂ ಮಾತು ಇರಲೇಬೇಕು. ಆ ಪದ, ಬಾಣದ ಮಾತು, ಈ ಪದ ಮೂರೂ ಸೇರಿ ಒಂದು ಪೂರ್ಣ ವಾಕ್ಯವಾಗಬೇಕು. ‘ನೀರು’, ‘ಶಾಖ’ ಎರಡನ್ನೂ ಬರೆದು ನಡುವೆ ಗೆರೆ ಎಳೆದರೆ ಅದನ್ನು ಸರಿ ಅನ್ನಲೂ ಆಗದು, ತಪ್ಪು ಅನ್ನಲೂ ಆಗದು. ‘ನೀರು ಆವಿಯಾಗಲು ಶಾಖ ಬೇಕು’ ಅಂತ ಬರೆದ ಕ್ಷಣ ಮಗು ಒಂದು ಮಾತಿಗೆ ಒಪ್ಪಿಕೊಂಡಂತಾಯಿತು. ಇನ್ನು ಅದನ್ನು ಪ್ರಶ್ನಿಸಬಹುದು, ಪರೀಕ್ಷಿಸಬಹುದು, ಬದಲಿಸಬಹುದು. ನಕ್ಷೆಯ ಜೀವ ಇರುವುದು ಬಾಣದ ಮೇಲಿನ ಆ ಮಾತಿನಲ್ಲಿ.

ಶಿಕ್ಷಕ: ಈ ಕಟ್ಟಳೆ ಎಲ್ಲಿಂದ ಬಂತು?

ಹಿರಿಯರು: ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಜೋಸೆಫ್ ನೋವಾಕ್ ಅವರ ತಂಡ 1972ರಲ್ಲಿ ರೂಪಿಸಿದ್ದು. ಅದು ಹುಟ್ಟಿದ್ದೇ ಚಿಕ್ಕ ಮಕ್ಕಳ ವಿಜ್ಞಾನ ಪಾಠದಿಂದ ಅನ್ನುವುದನ್ನು ನಾವು ಪ್ರಾಥಮಿಕ ಶಾಲೆಯವರು ಗಮನಿಸಬೇಕು. ಒಂದು, ಎರಡನೇ ತರಗತಿಯ 191 ಮಕ್ಕಳಿಗೆ ಟೇಪ್ ರೆಕಾರ್ಡರಿನ ಧ್ವನಿಯ ಜೊತೆಗೆ ಕೈಯಾರೆ ಮಾಡಿ ನೋಡುವ ಸಾಮಾನು ಕೊಟ್ಟು, ವಸ್ತು ಮತ್ತು ಶಕ್ತಿಯ ಬಗ್ಗೆ ಪಾಠ ಕಲಿಸಿದರು. ಆ ಪಾಠ ಸಿಗದ 48 ಮಕ್ಕಳ ಗುಂಪನ್ನು ಹೋಲಿಕೆಗೆ ಇಟ್ಟುಕೊಂಡರು. ಮಕ್ಕಳ ತಿಳಿವಳಿಕೆ ವರ್ಷದಿಂದ ವರ್ಷಕ್ಕೆ ಹೇಗೆ ಬದಲಾಗುತ್ತದೆ ಅಂತ ತಿಳಿಯಲು ಕೂರಿಸಿ ಮಾತಾಡಿಸಿದರು. ಸಂದರ್ಶನದ ಪುಟಗಳು ರಾಶಿ ಬಿದ್ದವು. ಆದರೆ ಅಷ್ಟು ಮಾತಿನಲ್ಲಿ ಮಗುವಿನ ತಿಳಿವಳಿಕೆ ಎಲ್ಲಿ ಬೆಳೆದಿದೆ, ಎಲ್ಲಿ ನಿಂತಿದೆ ಅಂತ ಗುರುತಿಸುವುದೇ ಕಷ್ಟವಾಯಿತು. ಆಗ ಮಗು ಆಡಿದ ಮಾತುಗಳನ್ನು ಪದ, ಬಾಣ, ಪದ ಅಂತ ಬಿಡಿಸಿ ಒಂದೇ ಹಾಳೆಯ ಮೇಲೆ ಬರೆದರು. ಬದಲಾವಣೆ ಕಣ್ಣಿಗೆ ಕಂಡಿತು.

ಶಿಕ್ಷಕ: ಹಾಗಾದರೆ ಅದು ಮೊದಲು ಕಲಿಸುವ ಸಾಧನ ಆಗಿರಲಿಲ್ಲ, ಮಗುವಿನ ಮನಸ್ಸನ್ನು ಓದುವ ಸಾಧನ ಆಗಿತ್ತು.

ಹಿರಿಯರು: ಹೌದು, ಅದನ್ನು ನಾವು ಮರೆಯಬಾರದು. ಅವರ ಹಿಂದೆ ಡೇವಿಡ್ ಆಸುಬೆಲ್ ಎಂಬ ಮನಶ್ಶಾಸ್ತ್ರಜ್ಞರ ವಿಚಾರ ಇತ್ತು. ಕಲಿಕೆಯನ್ನು ಎಲ್ಲಕ್ಕಿಂತ ಹೆಚ್ಚು ನಿರ್ಧರಿಸುವುದು ಮಗುವಿಗೆ ಈಗಾಗಲೇ ಏನು ಗೊತ್ತಿದೆ ಅನ್ನುವುದು, ಹೊಸದು ಹಳೆಯದಕ್ಕೆ ಕೊಂಡಿ ಹಾಕಿಕೊಂಡರೆ ಮಾತ್ರ ಉಳಿಯುತ್ತದೆ, ಇಲ್ಲದಿದ್ದರೆ ಬಾಯಿಪಾಠವಾಗಿ ಉದುರಿಹೋಗುತ್ತದೆ ಅನ್ನುವುದು ಅವರು 1960ರ ದಶಕದಲ್ಲಿ ಮಂಡಿಸಿದ ವಾದದ ಸಾರ. ನೋವಾಕ್ ತಂಡ ಆ ಮಕ್ಕಳನ್ನು ಹನ್ನೆರಡನೇ ತರಗತಿಯವರೆಗೂ ಹಿಂಬಾಲಿಸಿತು. ವರದಿ ಹೊರಬಂದದ್ದು 1991ರಲ್ಲಿ. ಆರೇಳು ವರ್ಷದ ವಯಸ್ಸಿನಲ್ಲಿ ಆ ಪಾಠಗಳನ್ನು ಕಲಿತವರಲ್ಲಿ, ಕಲಿಯದವರಿಗಿಂತ ಸರಿಯಾದ ಕಲ್ಪನೆಗಳು ಹೆಚ್ಚಾಗಿದ್ದವು, ತಪ್ಪು ಕಲ್ಪನೆಗಳು ಕಡಿಮೆಯಾಗಿದ್ದವು. ಚಿಕ್ಕ ಮಕ್ಕಳಿಗೆ ಅಣು, ಶಕ್ತಿ ಇವೆಲ್ಲ ಅರ್ಥವಾಗದು ಅನ್ನುವವರಿಗೆ ಇದು ಗಟ್ಟಿಯಾದ ಉತ್ತರ.

ಶಿಕ್ಷಕ: ಸರಿ, ಹೂಜಿಗೆ ಬರೋಣ. ನಾಳೆ ತರಗತಿಯಲ್ಲಿ ಇದನ್ನು ಎಲ್ಲಿಂದ ಶುರು ಮಾಡಲಿ?

ಹಿರಿಯರು: ಪ್ರಶ್ನೆಯಿಂದ. ‘ನೀರು’ ಅಂತ ತಲೆಬರಹ ಹಾಕಿದರೆ ಮಕ್ಕಳು ಪಟ್ಟಿ ಮಾಡುತ್ತಾರೆ. ‘ಹೂಜಿಯ ನೀರು ತಣ್ಣಗಾಗುವುದು ಹೇಗೆ?’ ಅಂತ ಹಲಗೆಯ ಮೇಲೆ ಬರೆದರೆ ಯೋಚಿಸುತ್ತಾರೆ. ನಕ್ಷೆಗೆ ತಲೆಬರಹದ ಬದಲು ಪ್ರಶ್ನೆ ಇರಬೇಕು ಅನ್ನುವುದು ಮೊದಲ ನಿಯಮ. ಆಮೇಲೆ ಮಕ್ಕಳಿಂದಲೇ ಪದ ಕೇಳಿ: ಹೂಜಿ, ಮಣ್ಣು, ನೀರು, ಗಾಳಿ, ಬಿಸಿಲು, ಶಾಖ, ಆವಿ, ತಂಪು. ಎಂಟು ಹತ್ತು ಪದ ಸಾಕು, ಜಾಸ್ತಿಯಾದರೆ ಕಲಸಿಹೋಗುತ್ತದೆ. ಒಂದೊಂದು ಪದಕ್ಕೆ ಒಂದೊಂದು ಚೀಟಿ. ನಾಲ್ಕು ನಾಲ್ಕು ಮಕ್ಕಳ ಗುಂಪು ನೆಲದ ಮೇಲೆ ಚೀಟಿ ಇಟ್ಟು, ಸೀಮೆಸುಣ್ಣದಲ್ಲಿ ಬಾಣ ಎಳೆದು, ಬಾಣದ ಪಕ್ಕ ಮಾತು ಬರೆಯಲಿ. ನೆಲದ ಮೇಲೆ ಯಾಕೆ ಅಂದರೆ, ಅಳಿಸುವುದು ಸುಲಭ, ಚೀಟಿ ಸರಿಸುವುದು ಸುಲಭ. ನೋಟ್‌ಬುಕ್ಕಿನಲ್ಲಿ ಬರೆದದ್ದನ್ನು ಅಳಿಸಲು ಮಕ್ಕಳಿಗೆ ಮನಸ್ಸು ಬರುವುದಿಲ್ಲ.

ಶಿಕ್ಷಕ: ಒಂದು ಗುಂಪು ಏನು ಬರೆಯುತ್ತದೆ ಅಂತ ಈಗಲೇ ಹೇಳಬಲ್ಲೆ. ‘ಹೂಜಿಯನ್ನು ಮಣ್ಣಿನಿಂದ ಮಾಡುತ್ತಾರೆ, ಮಣ್ಣು ನೀರಿಗೆ ತಂಪು ಕೊಡುತ್ತದೆ.’ ಅಲ್ಲಿಗೆ ಮುಗಿಯಿತು. ಮನೆಯಲ್ಲೂ ಅದನ್ನೇ ಕೇಳಿರುತ್ತಾರೆ. ರಾಗಿ ತಂಪು, ಎಳ್ಳು ಉಷ್ಣ ಅನ್ನುವ ಹಾಗೆ ಮಣ್ಣು ತಂಪು.

ಹಿರಿಯರು: ಅದು ಸಿಕ್ಕಿದ್ದೇ ದೊಡ್ಡ ಲಾಭ! ಬಾಯಿಮಾತಿನ ಉತ್ತರದಲ್ಲಿ ಇದು ಅಡಗಿಕೊಂಡಿರುತ್ತಿತ್ತು. ಈಗ ಬಾಣದ ಮೇಲೆ ಕೂತಿದೆ: ‘ಮಣ್ಣು ನೀರಿಗೆ ತಂಪು ಕೊಡುತ್ತದೆ.’ ನೀವು ತಪ್ಪು ಅಂತ ಗೀಟು ಹಾಕಬೇಡಿ. ಬಾಣದ ಮೇಲೊಂದು ಪ್ರಶ್ನಾರ್ಥಕ ಚಿಹ್ನೆ ಹಾಕಿಸಿ. ‘ಇದು ನಿಜವಾದರೆ ಇನ್ನೇನು ನಿಜವಾಗಬೇಕು?’ ಅಂತ ಕೇಳಿ. ಮಣ್ಣೇ ತಂಪಾದರೆ ನೀರಿಲ್ಲದ ಒಣ ಹೂಜಿಯ ಒಳಗೂ ತಂಪಿರಬೇಕು. ಹೊರಗೆ ಪೂರ್ತಿ ಎಣ್ಣೆಬಣ್ಣ ಬಳಿದ ಹೂಜಿಯಲ್ಲೂ ನೀರು ತಣ್ಣಗಾಗಬೇಕು. ಎರಡನ್ನೂ ಪರೀಕ್ಷಿಸಬಹುದು. ನೆರಳಲ್ಲಿ ಒಣ ಹೂಜಿ ಇಟ್ಟು ಒಳಗೆ ಥರ್ಮಾಮೀಟರ್ ಇಳಿಬಿಟ್ಟರೆ ಸುತ್ತಲ ಗಾಳಿಯಷ್ಟೇ ತೋರಿಸುತ್ತದೆ. ಜ್ವರ ನೋಡುವ ಥರ್ಮಾಮೀಟರ್ ಇದಕ್ಕೆ ಆಗದು, ಪ್ರಯೋಗಾಲಯದ್ದು ಬೇಕು. ಕೈಯಿಂದ ಮುಟ್ಟಿ ನೋಡುವುದೂ ಬೇಡ, ಕೈ ಮೋಸ ಮಾಡುತ್ತದೆ.

ಶಿಕ್ಷಕ: ಬಣ್ಣ ಬಳಿದ ಹೂಜಿ ಸಿಗದಿದ್ದರೆ?

ಹಿರಿಯರು: ಮಣ್ಣನ್ನೇ ಬಿಟ್ಟು ಮಾಡಿ. ಒಂದೇ ಅಳತೆಯ ಮೂರು ಸ್ಟೀಲ್ ಲೋಟ, ಮೂರಕ್ಕೂ ಒಂದೇ ನಲ್ಲಿಯ ನೀರು. ಒಂದಕ್ಕೆ ಏನೂ ಸುತ್ತಬೇಡಿ. ಇನ್ನೊಂದಕ್ಕೆ ಒದ್ದೆ ಬಟ್ಟೆ ಸುತ್ತಿ. ಮೂರನೆಯದಕ್ಕೂ ಒದ್ದೆ ಬಟ್ಟೆ ಸುತ್ತಿ, ಅದರ ಮೇಲೆ ಪ್ಲಾಸ್ಟಿಕ್ ಹಾಳೆ ಬಿಗಿಯಾಗಿ ಸುತ್ತಿ ದಾರ ಕಟ್ಟಿ. ಗಾಳಿಯಾಡುವ ನೆರಳಿನಲ್ಲಿ ಒಂದು ಗಂಟೆ ಇಡಿ, ಎರಡನೆಯದರ ಬಟ್ಟೆ ಒಣಗದ ಹಾಗೆ ನೋಡಿಕೊಳ್ಳಿ. ಒಣ ಹವೆಯ ದಿನವಾದರೆ ಎರಡನೆಯ ಲೋಟದ ನೀರು ಕೆಲವು ಡಿಗ್ರಿ ಇಳಿದಿರುತ್ತದೆ. ಮೂರನೆಯದು ಅಷ್ಟೇ ಒದ್ದೆ, ಆದರೂ ಹಾಗೆ ತಣ್ಣಗಾಗಿರುವುದಿಲ್ಲ. ಇಲ್ಲಿ ಮಣ್ಣು ಇಲ್ಲವೇ ಇಲ್ಲ, ತಂಪು ಬಂತು. ಒದ್ದೆ ಎರಡರಲ್ಲೂ ಇದೆ, ತಂಪು ಒಂದರಲ್ಲಿ ಮಾತ್ರ ಬಂತು. ಹಾಗಾದರೆ ತಂಪಿಗೆ ಕಾರಣ ಮಣ್ಣೂ ಅಲ್ಲ, ಬರೀ ಒದ್ದೆಯೂ ಅಲ್ಲ, ಒದ್ದೆ ಆರುವುದು. ಇದನ್ನು ಮಕ್ಕಳೇ ಹೇಳುವವರೆಗೂ ಕಾಯಿರಿ.

ಶಿಕ್ಷಕ: ಆಮೇಲೆ ಮತ್ತೆ ನಕ್ಷೆಗೆ ಬರಬೇಕು.

ಹಿರಿಯರು: ಬರಲೇಬೇಕು. ಅನೇಕರು ಇಲ್ಲಿ ಬಿಟ್ಟುಬಿಡುತ್ತಾರೆ. ಪ್ರಯೋಗ ಮುಗಿಯಿತು, ಸಂತೋಷವಾಯಿತು, ಗಂಟೆ ಹೊಡೆಯಿತು. ಪ್ರಯೋಗದಲ್ಲಿ ಕಂಡದ್ದು ಮಗುವಿನ ಹಳೆಯ ತಿಳಿವಳಿಕೆಯ ಒಳಗೆ ಹೋಗಿ ಕೂರದಿದ್ದರೆ ಅದೂ ಒಂದು ಬಿಡಿ ಸಂಗತಿಯಾಗಿಯೇ ಉಳಿಯುತ್ತದೆ. ಮಕ್ಕಳು ಚೀಟಿಗಳ ಮುಂದೆ ಮತ್ತೆ ಕೂತು ಬಾಣಗಳನ್ನು ಅಳಿಸಿ ಹೊಸದಾಗಿ ಬರೆಯಲಿ. ಈಗ ‘ರಂಧ್ರ’ ಅನ್ನುವ ಹೊಸ ಚೀಟಿ ಬೇಕಾಗುತ್ತದೆ. ಹೂಜಿಯ ಗೋಡೆಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ರಂಧ್ರಗಳಿವೆ. ನೀರು ಅವುಗಳ ಮೂಲಕ ಹೊರಮೈಗೆ ಜಿನುಗುತ್ತದೆ. ಜಿನುಗಿದ ನೀರು ಗಾಳಿಗೆ ಆವಿಯಾಗುತ್ತದೆ. ಆವಿಯಾಗಲು ಬೇಕಾದ ಶಾಖವನ್ನು ಹೂಜಿಯಿಂದ, ಒಳಗಿನ ನೀರಿನಿಂದ ತೆಗೆದುಕೊಳ್ಳುತ್ತದೆ. ಶಾಖ ಕಳೆದುಕೊಂಡ ನೀರು ತಣ್ಣಗಾಗುತ್ತದೆ. ಐದು ಬಾಣ, ಐದು ವಾಕ್ಯ. ಹೂಜಿಯ ಪ್ರಶ್ನೆಗೆ ಉತ್ತರ ಆ ಐದು ವಾಕ್ಯಗಳನ್ನು ಸಾಲಾಗಿ ಓದುವುದರಲ್ಲಿದೆ. ಸ್ಟೀಲ್ ಕೊಡದ ಉತ್ತರವೂ ಅದರಲ್ಲೇ ಇದೆ. ಮೊದಲ ಬಾಣವೇ ಇಲ್ಲದ ಮೇಲೆ ಉಳಿದ ನಾಲ್ಕು ನಡೆಯುವುದಿಲ್ಲ.

ಶಿಕ್ಷಕ: ಮೇಡಂ, ಬಾಣದ ಮೇಲೆ ಬರೆಯುವಾಗ ಒಂದು ತೊಡಕು ಬರುತ್ತದೆ. ಪುಸ್ತಕದ ನಕ್ಷೆಗಳಲ್ಲಿ ಕ್ರಿಯಾಪದ ಎರಡು ಪದಗಳ ನಡುವೆ ನಿಲ್ಲುತ್ತದೆ. ನಮ್ಮ ಮಾತಿನಲ್ಲಿ ಅದು ಕೊನೆಗೆ ಬರುತ್ತದಲ್ಲ. ‘ನೀರು, ಹೀರುತ್ತದೆ, ಶಾಖ’ ಅಂತ ಮಗು ಓದಿದರೆ ಮಾತೇ ಆಗುವುದಿಲ್ಲ.

ಹಿರಿಯರು: ನೀವು ತರಗತಿಯಲ್ಲಿ ನೋಡಿದವರು, ಸರಿಯಾಗಿ ಹಿಡಿದಿರಿ. ಅದಕ್ಕೆ ಸರಳ ಉಪಾಯ ಇದೆ. ಬಾಣದ ಮೇಲೆ ಚುಟುಕಾಗಿ ಬರೆಯಲಿ, ಆದರೆ ಪ್ರತಿ ಬಾಣವನ್ನೂ ಪೂರ್ತಿ ವಾಕ್ಯ ಮಾಡಿ ಗಟ್ಟಿಯಾಗಿ ಓದಲಿ: ‘ನೀರು ಆವಿಯಾಗುವಾಗ ಶಾಖವನ್ನು ಹೀರುತ್ತದೆ.’ ‘ಅನ್ನು’, ‘ಇಂದ’, ‘ಗೆ’ ಎಲ್ಲಿ ಸೇರಬೇಕು ಅಂತ ನಿರ್ಧರಿಸುವಾಗ ಮಗು ವಿಜ್ಞಾನವನ್ನೇ ನಿರ್ಧರಿಸುತ್ತಿರುತ್ತದೆ. ‘ನೀರಿಗೆ ಶಾಖ’ ಹೋಗುತ್ತದೋ, ‘ನೀರಿನಿಂದ ಶಾಖ’ ಹೋಗುತ್ತದೋ? ಒಂದು ಪ್ರತ್ಯಯ ಬದಲಾದರೆ ಬಾಣದ ದಿಕ್ಕೇ ತಿರುಗುತ್ತದೆ. ಇದರ ಮೇಲೆ ಮಕ್ಕಳು ಜಗಳಾಡಲಿ, ಅದಕ್ಕಿಂತ ಒಳ್ಳೆಯ ವಿಜ್ಞಾನದ ಪಾಠ ಇಲ್ಲ.

ಶಿಕ್ಷಕ: ಇಷ್ಟಾದ ಮೇಲೂ ನನ್ನ ಅನುಮಾನ ಹೋಗಿಲ್ಲ. ಮಗು ಹೂಜಿಯ ಸಮಸ್ಯೆ ಬಿಡಿಸಿತು, ನಿಜ. ನಾವೇ ಜೊತೆಗಿದ್ದು ಬಿಡಿಸಿದ ಸಮಸ್ಯೆ ಅದು. ಹೊಸ ಸಮಸ್ಯೆ ಕೊಟ್ಟರೆ? ಸಮಸ್ಯೆ ಬಿಡಿಸುವುದು ಕಲಿಸಿದ್ದೇವೋ, ಒಂದು ಉತ್ತರ ಕಲಿಸಿದ್ದೇವೋ?

ಹಿರಿಯರು: ಅದನ್ನು ತಿಳಿಯಲು ಮಾರನೇ ದಿನ ಅವರ ಮುಂದೆ ಐಸ್ ಹಾಕಿದ ನೀರಿನ ಸ್ಟೀಲ್ ಲೋಟ ಇಡಿ. ಹೊರಗೆ ಹನಿ ಕಟ್ಟುತ್ತದೆ. ‘ಈ ನೀರು ಎಲ್ಲಿಂದ ಬಂತು?’ ಅಂತ ಕೇಳಿ.

ಶಿಕ್ಷಕ: ‘ಒಳಗಿನಿಂದ ಜಿನುಗಿತು’ ಅನ್ನುತ್ತಾರೆ. ಹೂಜಿಯ ಪಾಠ ಕಲಿತ ಮೇಲಂತೂ ಇನ್ನೂ ಜೋರಾಗಿ ಅನ್ನುತ್ತಾರೆ!

ಹಿರಿಯರು: ಖಂಡಿತ ಅನ್ನುತ್ತಾರೆ. ಕಣ್ಣಿಗೆ ಎರಡೂ ಒಂದೇ ಥರ ಕಾಣುತ್ತವೆ. ಪಾತ್ರೆ, ಒಳಗೆ ನೀರು, ಹೊರಮೈ ಒದ್ದೆ. ಹೊಸಬರು ಸಮಸ್ಯೆಯನ್ನು ಅದರ ಮೇಲ್ನೋಟದಿಂದ ಗುರುತಿಸುತ್ತಾರೆ, ಬಲ್ಲವರು ಒಳಗಿನ ತತ್ವದಿಂದ ಗುರುತಿಸುತ್ತಾರೆ. ಮಿಶೆಲೀನ್ ಚಿ ಎಂಬ ಸಂಶೋಧಕಿ ಮತ್ತು ಸಂಗಡಿಗರು 1981ರಲ್ಲಿ ಇದನ್ನು ಭೌತಶಾಸ್ತ್ರದ ಲೆಕ್ಕಗಳಿಂದಲೇ ತೋರಿಸಿದರು. ಲೆಕ್ಕಗಳನ್ನು ಗುಂಪು ಮಾಡಿ ಅಂದಾಗ ಹೊಸ ವಿದ್ಯಾರ್ಥಿಗಳು ಇಳಿಜಾರಿನ ಲೆಕ್ಕ, ಸ್ಪ್ರಿಂಗಿನ ಲೆಕ್ಕ ಅಂತ ವಿಂಗಡಿಸಿದರು. ಪರಿಣತರು ಶಕ್ತಿ ಸಂರಕ್ಷಣೆಯ ಲೆಕ್ಕ, ನ್ಯೂಟನ್ನನ ನಿಯಮದ ಲೆಕ್ಕ ಅಂತ ವಿಂಗಡಿಸಿದರು. ನಮ್ಮ ಐದನೇ ತರಗತಿಯ ಮಗು ‘ಒದ್ದೆ ಪಾತ್ರೆಯ ಸಮಸ್ಯೆ’ ಅನ್ನುತ್ತದೆ. ಅದನ್ನು ಮೇಲ್ನೋಟದಿಂದ ತತ್ವಕ್ಕೆ ಕರೆದೊಯ್ಯುವುದೇ ನಮ್ಮ ಕೆಲಸ. ಹಳೆಯ ನಕ್ಷೆಯನ್ನು ಮುಂದಿಟ್ಟು ಕೇಳಿ: ‘ಮೊದಲ ಎರಡು ಬಾಣ ಓದು. ನೀರು ಯಾವುದರ ಮೂಲಕ ಜಿನುಗುತ್ತದೆ?’

ಶಿಕ್ಷಕ: ರಂಧ್ರದ ಮೂಲಕ. ಸ್ಟೀಲಿನಲ್ಲಿ ನೀರು ಜಿನುಗುವಂಥ ರಂಧ್ರ ಇಲ್ಲ ಅಂತ ನಿನ್ನೆ ಅವರೇ ಹೇಳಿದ್ದರು.

ಹಿರಿಯರು: ಅಲ್ಲಿಗೆ ಅವರ ಉತ್ತರ ಅವರ ನಕ್ಷೆಯ ಜೊತೆಯೇ ಸೆಣಸುತ್ತದೆ. ನೀವು ತಪ್ಪು ಅನ್ನಬೇಕಾಗಿಲ್ಲ. ಒಬ್ಬ ಹುಡುಗಿ ‘ಒಳಗೆ ಬಣ್ಣದ ನೀರು ಹಾಕಿ ನೋಡೋಣ’ ಅಂದಾಳು. ಹಾಕಿ ನೋಡಿದರೆ ಹೊರಗಿನ ಹನಿಗೆ ಬಣ್ಣ ಇರುವುದಿಲ್ಲ. ಇನ್ನೊಬ್ಬ ‘ನೀರೇ ಇಲ್ಲದ ಡಬ್ಬಿ ಇಡೋಣ’ ಅಂದಾನು. ಮುಚ್ಚಳ ಹಾಕಿದ ಖಾಲಿ ಸ್ಟೀಲ್ ಡಬ್ಬಿಯನ್ನು ಅಂಗಡಿಯ ಫ್ರಿಜ್ಜಿನಲ್ಲಿಟ್ಟು ತಣ್ಣಗೆ ಮಾಡಿ ತಂದರೂ ಹೊರಗೆ ಹನಿ ಕಟ್ಟುತ್ತದೆ. ಒಳಗೆ ನೀರೇ ಇರಲಿಲ್ಲ. ಇನ್ನು ಉಳಿದದ್ದು ಗಾಳಿ. ಗಾಳಿಯಲ್ಲಿ ಕಾಣದ ಆವಿ ಇದೆ, ತಣ್ಣನೆಯ ಮೈ ತಗುಲಿದಾಗ ಅದು ಮತ್ತೆ ನೀರಾಗುತ್ತದೆ. ಪಾಠದಲ್ಲಿ ಸಾಂದ್ರೀಕರಣ ಅಂತ ಬಾಯಿಪಾಠ ಮಾಡಿದ್ದ ಪದಕ್ಕೆ ಈಗ ಜಾಗ ಸಿಕ್ಕಿತು.

ಶಿಕ್ಷಕ: ಅಂದರೆ ಎರಡು ನಕ್ಷೆ ಆದವು. ಹೂಜಿಯದು ಒಂದು, ಲೋಟದ್ದು ಒಂದು.

ಹಿರಿಯರು: ಈಗ ಎರಡನ್ನೂ ಅಕ್ಕಪಕ್ಕ ಇಟ್ಟು ಮೂರನೇ ಪ್ರಶ್ನೆ ಕೇಳಿ: ‘ಮಳೆಗಾಲದಲ್ಲಿ ಹೂಜಿಯ ನೀರು ಬೇಸಿಗೆಯಷ್ಟು ತಣ್ಣಗಾಗುವುದಿಲ್ಲ, ಆದರೆ ತಣ್ಣನೆ ಲೋಟದ ಹೊರಗೆ ಹನಿ ಸುಲಭವಾಗಿ ಕಟ್ಟುತ್ತದೆ. ಎರಡಕ್ಕೂ ಏನು ಸಂಬಂಧ?’ ಮಕ್ಕಳು ಹುಡುಕುತ್ತಾರೆ. ಎರಡೂ ನಕ್ಷೆಯಲ್ಲಿ ಒಂದೇ ಚೀಟಿ ಇದೆ, ‘ಗಾಳಿಯಲ್ಲಿರುವ ಆವಿ’. ಗಾಳಿಯಲ್ಲಿ ಆಗಲೇ ಆವಿ ತುಂಬಿದ್ದರೆ ಹೂಜಿಯ ಮೈಯ ನೀರು ನಿಧಾನವಾಗಿ ಆರುತ್ತದೆ, ಆದ್ದರಿಂದ ತಂಪು ಕಡಿಮೆ. ಅದೇ ಆವಿ ತಣ್ಣನೆ ಲೋಟ ಸಿಕ್ಕಿದಾಗ ಹನಿಯಾಗುತ್ತದೆ, ಆದ್ದರಿಂದ ಬೆವರು ಜಾಸ್ತಿ. ಒಂದೇ ಸಂಗತಿ ಒಂದು ಕಡೆ ತಡೆಯಿತು, ಇನ್ನೊಂದು ಕಡೆ ಒದಗಿತು. ಎರಡು ನಕ್ಷೆಗಳ ನಡುವೆ ಎಳೆದ ಆ ಗೆರೆಯೇ ಅಡ್ಡಕೊಂಡಿ. ನೋವಾಕ್ ಮತ್ತು ಅವರ ಸಹಲೇಖಕ ಗೋವಿನ್ 1984ರಲ್ಲಿ ಬರೆದ ಪುಸ್ತಕದಲ್ಲಿ ನಕ್ಷೆಗೆ ಅಂಕ ಕೊಡುವ ಕ್ರಮ ಇದೆ. ಸರಿಯಾದ ಒಂದು ವಾಕ್ಯಕ್ಕೆ 1 ಅಂಕ, ಸರಿಯಾದ ಮಹತ್ವದ ಒಂದು ಅಡ್ಡಕೊಂಡಿಗೆ 10. ಯಾಕೆ ಅಷ್ಟು ಅಂತ ಈ ಉದಾಹರಣೆ ನೋಡಿದರೆ ಅರ್ಥವಾಗುತ್ತದೆ. ಹೊಸ ಸಮಸ್ಯೆ ಬಿಡಿಸುವುದು ಬಹುತೇಕ ಅಡ್ಡಕೊಂಡಿ ಕಾಣುವ ಕೆಲಸವೇ.

ಶಿಕ್ಷಕ: ಇದು ಮನಸ್ಸಿಗೆ ಹಿಡಿಸಿತು. ಆದರೆ ನಕ್ಷೆಯಿಂದ ನಿಜಕ್ಕೂ ಕಲಿಕೆ ಹೆಚ್ಚುತ್ತದೆ ಅನ್ನಲು ಆಧಾರ ಇದೆಯೇ? ಹೊಸದಾಗಿ ಬಂದ ಕ್ರಮಗಳನ್ನೆಲ್ಲ ಹೊಗಳುವವರೇ ಹೆಚ್ಚು.

ಹಿರಿಯರು: ಆಧಾರ ಇದೆ, ಎಚ್ಚರಿಕೆಯೂ ಇದೆ. ನೆಸ್ಬಿಟ್ ಮತ್ತು ಅಡೆಸೊಪೆ ಎಂಬ ಸಂಶೋಧಕರು 2006ರಲ್ಲಿ 55 ಅಧ್ಯಯನಗಳನ್ನು ಒಟ್ಟು ಮಾಡಿ ನೋಡಿದರು. 5,818 ಜನ ಕಲಿಯುವವರು, ನಾಲ್ಕನೇ ತರಗತಿಯಿಂದ ಹಿಡಿದು ಕಾಲೇಜಿನವರೆಗೆ. ಪಾಠ ಓದುವುದು, ಉಪನ್ಯಾಸ ಕೇಳುವುದು, ಚರ್ಚೆಯಲ್ಲಿ ಕೂರುವುದು ಇವುಗಳಿಗಿಂತ ನಕ್ಷೆ ಮಾಡಿದವರಲ್ಲಿ ಕಲಿತದ್ದು ಹೆಚ್ಚು ಉಳಿದಿತ್ತು. ಇನ್ನು ಎಚ್ಚರಿಕೆಯ ಮಾತು. ಕಾರ್ಪಿಕ್ ಮತ್ತು ಬ್ಲಂಟ್ ಎಂಬ ಇನ್ನಿಬ್ಬರು ಸಂಶೋಧಕರು 2011ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬರೆದರು. ಕಾಲೇಜು ವಿದ್ಯಾರ್ಥಿಗಳಲ್ಲಿ ಒಂದು ಗುಂಪು ಪಠ್ಯವನ್ನು ಮುಂದಿಟ್ಟುಕೊಂಡು ನಕ್ಷೆ ಮಾಡಿತು. ಇನ್ನೊಂದು ಗುಂಪು ಓದಿ, ಪಠ್ಯ ಮುಚ್ಚಿಟ್ಟು, ನೆನಪಿನಿಂದ ಬರೆಯಿತು. ವಾರದ ನಂತರದ ಪರೀಕ್ಷೆಯಲ್ಲಿ ನೆನಪಿನಿಂದ ಬರೆದವರೇ ಮುಂದಿದ್ದರು.

ಶಿಕ್ಷಕ: ಹಾಗಾದರೆ ನಕ್ಷೆ ಸೋತಿತಲ್ಲ!

ಹಿರಿಯರು: ಪುಸ್ತಕ ನೋಡಿ ನಕಲು ಮಾಡಿದ ನಕ್ಷೆ ಸೋತಿತು. ಅದೇ ಸಂಶೋಧಕರು 2014ರಲ್ಲಿ ಇನ್ನೊಂದು ಕೆಲಸ ಪ್ರಕಟಿಸಿದರು. ಅಲ್ಲಿ ವಿದ್ಯಾರ್ಥಿಗಳು ನಕ್ಷೆಯನ್ನೇ ನೆನಪಿನಿಂದ ಮಾಡಿದಾಗ ಅದರಿಂದಲೂ ಒಳ್ಳೆಯ ಫಲ ಸಿಕ್ಕಿತು. ನಮಗೆ ಇದರಿಂದ ಕಲಿಯಬೇಕಾದ್ದು ಸ್ಪಷ್ಟ. ನಕ್ಷೆ ಮಾಡುವಾಗ ಪುಸ್ತಕ ಮುಚ್ಚಿರಬೇಕು. ಹಲಗೆಯ ಮೇಲೆ ನಾವು ಬರೆದದ್ದನ್ನು ಮಕ್ಕಳು ಇಳಿಸಿಕೊಳ್ಳುವಂತೆ ಮಾಡಿದರೆ, ಅದು ಟಿಪ್ಪಣಿ ಬರೆಸುವುದರ ಇನ್ನೊಂದು ರೂಪ ಅಷ್ಟೇ. ಮಗು ತನ್ನ ತಲೆಯಿಂದ ತೆಗೆದು ಬರೆದ ಮೂರು ಬಾಣ, ನಾವು ಬರೆದುಕೊಟ್ಟ ಮೂವತ್ತು ಬಾಣಕ್ಕಿಂತ ಹೆಚ್ಚು.

ಶಿಕ್ಷಕ: ಇನ್ನೊಂದು ಆಕ್ಷೇಪ ಇದೆ. ನನ್ನ ತರಗತಿಯಲ್ಲಿ ಒಬ್ಬ ಹುಡುಗ ಇದ್ದಾನೆ. ಸರಿಯಾಗಿ ಬರೆಯಲು ಬರದು. ಆದರೆ ಕೆಟ್ಟ ಟಾರ್ಚ್ ಕೊಟ್ಟರೆ ಬಿಚ್ಚಿ, ಸೆಲ್ ತಿರುಗಿಸಿ, ಸ್ಪ್ರಿಂಗ್ ಉಜ್ಜಿ, ಹೊತ್ತಿಸಿಕೊಡುತ್ತಾನೆ. ಅವನಿಗೆ ನಕ್ಷೆ ಯಾಕೆ? ನಕ್ಷೆ ಅಂತ ಕೂರಿಸಿದರೆ ಅವನು ಹಿಂದೆ ಬೀಳುತ್ತಾನೆ, ಚೆನ್ನಾಗಿ ಬರೆಯುವವರು ಮತ್ತೆ ಮುಂದೆ ಬರುತ್ತಾರೆ.

ಹಿರಿಯರು: ಈ ಆಕ್ಷೇಪವನ್ನು ಗೌರವದಿಂದ ಕೇಳಬೇಕು. ಕೈಗೆ ಗೊತ್ತಿರುವ ವಿಜ್ಞಾನ ಇದೆ, ಅದು ಪದಕ್ಕಿಂತ ಮೊದಲೇ ಬರುತ್ತದೆ. ಅಂಥ ಮಗುವಿಗೆ ಮೊದಲು ಟಾರ್ಚ್ ಕೊಡಿ, ಆಮೇಲೆ ನಕ್ಷೆ. ಪದದ ಚೀಟಿ ಬೇಡ, ವಸ್ತುವನ್ನೇ ನೆಲದ ಮೇಲಿಡಿ: ಸೆಲ್, ಬಲ್ಬು, ವೈರು, ಸ್ವಿಚ್ಚು. ಬಾಣದ ಮಾತನ್ನು ಅವನು ಬಾಯಲ್ಲಿ ಹೇಳಲಿ, ಪಕ್ಕದವರು ಬರೆಯಲಿ. ಒಂದು, ಎರಡನೇ ತರಗತಿಯ ಮಕ್ಕಳಿಗೂ ಇದೇ ದಾರಿ. ಆದರೆ ನಕ್ಷೆ ಅವನಿಗೆ ಬೇಡವೇ ಬೇಡ ಅನ್ನಬೇಡಿ. ಟಾರ್ಚ್ ಹೊತ್ತಿಸಬಲ್ಲವನಿಗೆ ‘ನೀನು ಮೊದಲು ಏನು ನೋಡಿದೆ, ಯಾಕೆ ನೋಡಿದೆ’ ಅಂತ ಕೇಳಿದರೆ ತನಗೆ ಗೊತ್ತಿರುವುದು ಏನು ಅಂತ ಅವನಿಗೇ ಕಾಣುತ್ತದೆ. ‘ಸೆಲ್ಲಿನಿಂದ ಹೊರಟ ದಾರಿ ಎಲ್ಲೂ ತುಂಡಾಗದೆ ಸೆಲ್ಲಿಗೇ ವಾಪಸ್ಸು ಬರಬೇಕು’ ಅನ್ನುವ ಒಂದು ವಾಕ್ಯ ಅವನ ಬಾಯಿಂದ ಬಂದರೆ ನಾಳೆ ಟಾರ್ಚ್ ಮಾತ್ರವಲ್ಲ, ಯಾವ ಮಂಡಲವನ್ನಾದರೂ ಅವನು ಪರೀಕ್ಷಿಸಬಲ್ಲ. ಬರವಣಿಗೆಯ ಅಂದಕ್ಕೆ ಅಂಕ ಕೊಡಬೇಡಿ, ಕೊಂಡಿಯ ಸತ್ಯಕ್ಕೆ ಕೊಡಿ. ಆಗ ಅವನು ಹಿಂದೆ ಬೀಳುವುದಿಲ್ಲ.

ಶಿಕ್ಷಕ: ಅಂದರೆ ಪ್ರಯೋಗ ಬಿಟ್ಟು ನಕ್ಷೆ ಅಲ್ಲ.

ಹಿರಿಯರು: ಎಂದಿಗೂ ಅಲ್ಲ. ಕಾರ್ನೆಲ್ಲಿನಲ್ಲಿ ನಕ್ಷೆ ಹುಟ್ಟಿದ 1972ನೇ ಇಸವಿಯಲ್ಲೇ ನಮ್ಮ ಮಧ್ಯಪ್ರದೇಶದಲ್ಲಿ ಹೋಶಂಗಾಬಾದ್ ವಿಜ್ಞಾನ ಕಾರ್ಯಕ್ರಮ ಶುರುವಾಯಿತು. ಕಿಶೋರ್ ಭಾರತಿ, ಫ್ರೆಂಡ್ಸ್ ರೂರಲ್ ಸೆಂಟರ್ ಎಂಬ ಸಂಸ್ಥೆಗಳು 16 ಮಾಧ್ಯಮಿಕ ಶಾಲೆಗಳಲ್ಲಿ ಆರಂಭಿಸಿದ್ದು. ಹಳ್ಳಿಯ ಶಾಲೆಯ ಮಕ್ಕಳು ಅಗ್ಗದ ಸಾಮಾನಿನಿಂದ ತಾವೇ ಪ್ರಯೋಗ ಮಾಡಿ, ಕಂಡದ್ದನ್ನು ತಮ್ಮ ಮಾತಿನಲ್ಲಿ ಬರೆದು, ಚರ್ಚಿಸಿ ಕಲಿಯಬೇಕು ಅನ್ನುವುದು ಅದರ ಜೀವಾಳ. 2002ರಲ್ಲಿ ಅಲ್ಲಿನ ಸರ್ಕಾರ ಅದನ್ನು ನಿಲ್ಲಿಸಿದರೂ ಅದು ತೋರಿಸಿದ ದಾರಿ ಉಳಿದಿದೆ. ಹೋಶಂಗಾಬಾದ್ ಹೇಳಿದ್ದು ‘ಮಾಡಿ ನೋಡು’ ಅಂತ, ನಕ್ಷೆ ಹೇಳುವುದು ‘ನೋಡಿದ್ದನ್ನು ಜೋಡಿಸು’ ಅಂತ. ಪ್ರಾಥಮಿಕ ಶಾಲೆಯ ವಿಜ್ಞಾನಕ್ಕೆ ಎರಡೂ ಬೇಕು. ಒಂದನ್ನು ಬಿಟ್ಟರೆ ಇನ್ನೊಂದು ಸೊರಗುತ್ತದೆ.

ಶಿಕ್ಷಕ: ಸಮಯದ ಮಾತು ಬಾಕಿ ಇದೆ. ಪಠ್ಯ ಮುಗಿಸಬೇಕು, ರೂಪಣಾತ್ಮಕ ಮೌಲ್ಯಮಾಪನ ಮಾಡಬೇಕು, ಮಾಹಿತಿ ಆನ್‌ಲೈನಿಗೆ ಏರಿಸಬೇಕು. ಪ್ರತಿ ಪಾಠಕ್ಕೂ ಇಷ್ಟು ಮಾಡಿಸಿದರೆ ವರ್ಷ ಸಾಲುವುದಿಲ್ಲ.

ಹಿರಿಯರು: ಪ್ರತಿ ಪಾಠಕ್ಕೂ ಬೇಡ. ಎಲ್ಲಿ ಮೂರು ನಾಲ್ಕು ಸಂಗತಿಗಳು ಒಂದಕ್ಕೊಂದು ತಗುಲಿಕೊಂಡಿವೆಯೋ ಅಲ್ಲಿ ಮಾಡಿ. ಆವಿ ಮತ್ತು ತಂಪು, ಬೀಜ ಮತ್ತು ಮೊಳಕೆ, ವಿದ್ಯುತ್ ಮಂಡಲ, ಆಹಾರ ಸರಪಳಿ. ‘ಕಡಲೆಕಾಳನ್ನು ನೀರಲ್ಲಿ ಮುಳುಗಿಸಿಟ್ಟರೆ ಯಾಕೆ ಕೊಳೆಯುತ್ತದೆ, ಒದ್ದೆ ಬಟ್ಟೆಯಲ್ಲಿ ಕಟ್ಟಿಟ್ಟರೆ ಯಾಕೆ ಮೊಳೆಯುತ್ತದೆ?’ ಈ ಪ್ರಶ್ನೆಗೂ ಒಂದು ನಕ್ಷೆ ಸಾಕು. ಒಂದು ಟರ್ಮಿಗೆ ಒಂದು ಸರಿಯಾಗಿ ಆದರೂ ಸಾಲುತ್ತದೆ. ಆಗಾಗ ಅರ್ಧ ಮಾಡಿದ ನಕ್ಷೆ ಕೊಡಿ, ನಾಲ್ಕು ಬಾಣದ ಮಾತು ಮಾತ್ರ ಮಕ್ಕಳು ತುಂಬಲಿ. ರೂಪಣಾತ್ಮಕ ಮೌಲ್ಯಮಾಪನಕ್ಕೂ ಅದನ್ನೇ ಬಳಸಿ. ಪಾಠದ ಮೊದಲು ಒಂದು, ಪಾಠದ ನಂತರ ಒಂದು. ಎರಡನ್ನೂ ಅಕ್ಕಪಕ್ಕ ಇಟ್ಟರೆ ಮಗು ಎಷ್ಟು ಬೆಳೆದಿದೆ ಅಂತ ನಿಮಗೂ ಕಾಣುತ್ತದೆ, ಪಾಲಕರಿಗೂ ಕಾಣುತ್ತದೆ. ಆದರೆ ಒಂದು ಷರತ್ತು. ಮಕ್ಕಳಿಗೆ ಕೊಡುವ ಮುಂಚೆ ನೀವು ಮನೆಯಲ್ಲಿ ಕೂತು ಅದೇ ಪ್ರಶ್ನೆಗೆ ನಿಮ್ಮ ನಕ್ಷೆ ಮಾಡಿ.

ಶಿಕ್ಷಕ: ಮಕ್ಕಳಿಗೆ ತೋರಿಸಲಿಕ್ಕೆ?

ಹಿರಿಯರು: ತೋರಿಸಲಿಕ್ಕಲ್ಲ. ಬಾಣದ ಮೇಲೆ ಬರೆಯಲು ಹೊರಟಾಗ ನಮಗೂ ಎಲ್ಲಿ ಮಾತು ನಿಲ್ಲುತ್ತದೆ ಅಂತ ತಿಳಿಯಲಿಕ್ಕೆ. ಮಗು ಯಾವ ಬಾಣದಲ್ಲಿ ಎಡವಬಹುದು ಅಂತ ಮೊದಲೇ ಊಹಿಸಲಿಕ್ಕೆ. ಅದಕ್ಕೆ ತಕ್ಕ ಪ್ರಯೋಗದ ಸಾಮಾನು ಹೊಂದಿಸಲಿಕ್ಕೆ. ಪಾಠಯೋಜನೆ ಅನ್ನುವುದರ ನಿಜವಾದ ಕೆಲಸ ಇದು.

ಶಿಕ್ಷಕ: ಹಾಗಾದರೆ ವರ್ಷದ ಕೊನೆಗೆ ನಾನು ಏನನ್ನು ನೋಡಿ ಈ ದಾರಿ ಫಲ ಕೊಟ್ಟಿತು ಅಂತ ತಿಳಿಯಲಿ? ನಕ್ಷೆ ಚೆನ್ನಾಗಿ ಬಂತು ಅಂತಲೇ?

ಹಿರಿಯರು: ನಕ್ಷೆ ಬಿಡಿ. ಪುಸ್ತಕದಲ್ಲಿಲ್ಲದ, ನೀವು ಕಲಿಸದ ಒಂದು ಪ್ರಶ್ನೆ ಕೊಡಿ. ‘ಬೆವತ ಮೈಗೆ ಫ್ಯಾನ್ ಗಾಳಿ ತಂಪು, ಆದರೆ ಫ್ಯಾನ್ ಕೆಳಗಿಟ್ಟ ಒಣ ಥರ್ಮಾಮೀಟರ್ ಇಳಿಯುವುದಿಲ್ಲ, ಯಾಕೆ?’ ಅಂತ ಕೇಳಿ. ಎಲ್ಲರೂ ಉತ್ತರಿಸಲಾರರು, ಪರವಾಗಿಲ್ಲ. ಉತ್ತರ ಗೊತ್ತಿಲ್ಲದ ಮಗು ಏನು ಮಾಡುತ್ತದೆ ಅಂತ ನೋಡಿ. ಮೊದಲೆಲ್ಲ ಸುಮ್ಮನೆ ಕೂರುತ್ತಿದ್ದ ಮಗು ಈಗ ‘ಬೆವರು ಆರುತ್ತದೆ, ಅದು ಗೊತ್ತು. ಆರುವಾಗ ಶಾಖ ಹೋಗುತ್ತದೆ, ಅದೂ ಗೊತ್ತು. ಫ್ಯಾನ್ ಏನು ಮಾಡುತ್ತದೆ ಅನ್ನುವುದು ಗೊತ್ತಿಲ್ಲ ಸಾರ್, ಥರ್ಮಾಮೀಟರಿಗೆ ಒದ್ದೆ ಬಟ್ಟೆ ಸುತ್ತಿ ನೋಡಲಾ?’ ಅಂತ ಕೇಳಿದರೆ, ನಿಮ್ಮ ಕೆಲಸ ಫಲಿಸಿದೆ. ತನಗೆ ಗೊತ್ತಿಲ್ಲದ್ದು ಯಾವುದು ಅಂತ ಬೆರಳಿಟ್ಟು ತೋರಿಸಿ, ಅದನ್ನು ತಿಳಿಯುವ ಉಪಾಯವನ್ನೂ ತಾನೇ ಹೇಳುವ ಮಗು ಸಮಸ್ಯೆ ಬಿಡಿಸುವುದನ್ನು ಕಲಿತಿದೆ. ಉತ್ತರ ಆ ದಿನ ಸಿಗದಿದ್ದರೂ ಸರಿ, ಆ ಮಗು ಇನ್ನು ವಿಜ್ಞಾನವನ್ನು ಬಿಡುವುದಿಲ್ಲ.

ಶಿಕ್ಷಕ: ಸೋಮವಾರದ ಪಾಠಕ್ಕೆ ಮೂರು ಸ್ಟೀಲ್ ಲೋಟ, ಹಳೆಯ ಪಂಚೆಯ ಎರಡು ತುಂಡು, ಒಂದು ಪ್ಲಾಸ್ಟಿಕ್ ಹಾಳೆ ಹೊಂದಿಸುತ್ತೇನೆ. ಪ್ರೌಢಶಾಲೆಯಿಂದ ಥರ್ಮಾಮೀಟರ್ ಕೇಳಿ ತರುತ್ತೇನೆ. ಇವತ್ತು ರಾತ್ರಿ ನನ್ನ ನಕ್ಷೆ ಮಾಡಿ ನಿಮಗೆ ಕಳಿಸುತ್ತೇನೆ ಮೇಡಂ, ಬಾಣಗಳನ್ನು ನೋಡಿ.

ಹಿರಿಯರು: ಕಳಿಸಿ. ಮಕ್ಕಳು ಮಾಡಿದ್ದನ್ನೂ ಕಳಿಸಿ. ತಿದ್ದುವ ಮುಂಚಿನದು, ತಿದ್ದಿದ ಮೇಲಿನದು ಎರಡೂ ಇರಲಿ. ನಿಮ್ಮ ಕ್ಲಸ್ಟರಿನ ಉಳಿದ ಶಿಕ್ಷಕರ ಜೊತೆ ಮುಂದಿನ ಸಮಾಲೋಚನಾ ಸಭೆಯಲ್ಲಿ ಅವೆರಡನ್ನೇ ಇಟ್ಟು ಮಾತಾಡಿ. ನಾನು ಇಷ್ಟು ಹೊತ್ತು ಹೇಳಿದ್ದಕ್ಕಿಂತ ಮಕ್ಕಳ ಆ ಎರಡು ಹಾಳೆಗಳು ಅವರಿಗೆ ಹೆಚ್ಚು ಹೇಳುತ್ತವೆ.